ಸತ್ತವಳ ಮಾತು: ‘ಮಹಲ್’ ಚಿತ್ರದ ಮರುನೋಟ

1949ರ ಅಕ್ಟೋಬರ್‌ನಲ್ಲಿ ತೆರೆಗೆ ಬಂದ ‘ಮಹಲ್’ ಚಿತ್ರವನ್ನು ನೋಡದವರೂ ಅದರ ಒಂದು ಹಾಡನ್ನು ಕೇಳಿರುತ್ತಾರೆ. ಲತಾ ಮಂಗೇಶ್ಕರ್ ಹಾಡಿದ ‘ಆಯೇಗಾ ಆನೇವಾಲಾ’ ಮುಂಬಯಿಯ ಚಾಳುಗಳಲ್ಲಿ, ಪುಣೆಯ ವಾಡೆಗಳಲ್ಲಿ, ಹೈದರಾಬಾದಿನ ಇರಾನಿ ಹೋಟೆಲುಗಳಲ್ಲಿ ರೇಡಿಯೋದಿಂದ ತೇಲಿ ಬಂದು ಮೂರು ತಲೆಮಾರುಗಳ ಕಿವಿಯಲ್ಲಿ ನೆಲೆಸಿದೆ. ಹಾಡು ಉಳಿದಷ್ಟು ಗಟ್ಟಿಯಾಗಿ ಚಿತ್ರ ಜನರ ನೆನಪಿನಲ್ಲಿ ಉಳಿಯಲಿಲ್ಲ. ಅದನ್ನು ಹೆಸರಿಸುವವರು ಸಾಮಾನ್ಯವಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತಾರೆ: ಹಿಂದಿ ಚಿತ್ರರಂಗದಲ್ಲಿ ದೆವ್ವದ ಚಿತ್ರಗಳಿಗೆ ದಾರಿ ಹಾಕಿಕೊಟ್ಟದ್ದು ಇದು, ಪುನರ್ಜನ್ಮದ ಪ್ರೇಮಕಥೆಗಳ ಮೂಲವೂ ಇದೇ. ಈ ಎರಡು ಮಾತುಗಳಲ್ಲಿ ಒಂದು ತೊಡಕಿದೆ. ‘ಮಹಲ್’ನಲ್ಲಿ ದೆವ್ವವಿಲ್ಲ, ಪುನರ್ಜನ್ಮವೂ ಇಲ್ಲ. ಇನ್ನೂ ನೋಡದವರು ಕ್ಷಮಿಸಬೇಕು, ಕಥೆಯ ಗುಟ್ಟನ್ನು ಇಲ್ಲಿ ಬಿಚ್ಚದೆ ಗತಿಯಿಲ್ಲ. ಎಪ್ಪತ್ತು ವರ್ಷ ದಾಟಿದ ಗುಟ್ಟಿಗೆ ಅಷ್ಟೊಂದು ಕಾವಲೂ ಬೇಡವೆನಿಸುತ್ತದೆ.

ಕಥೆಯನ್ನು ಹೀಗೆ ಸಂಗ್ರಹಿಸಬಹುದು. ಅಲಹಾಬಾದಿನ ಬಳಿ ನದಿಯ ದಂಡೆಯಲ್ಲಿ ಪಾಳುಬಿದ್ದ ಒಂದು ಮಹಲು. ಸರಕಾರಿ ಹರಾಜಿನಲ್ಲಿ ಅದು ಹೊಸಬರ ಕೈಗೆ ಬಂದಿದೆ. ಅದರಲ್ಲಿ ವಾಸಕ್ಕೆ ಬಂದ ಹರಿಶಂಕರನಿಗೆ (ಅಶೋಕ್ ಕುಮಾರ್) ಅಲ್ಲಿಯ ಮುದಿ ಮಾಲಿ ಹಳೆಯ ಕಥೆಯೊಂದನ್ನು ಹೇಳುತ್ತಾನೆ. ಮಹಲನ್ನು ಕಟ್ಟಿಸಿದವನು ತನ್ನ ಪ್ರೇಯಸಿ ಕಾಮಿನಿಯನ್ನು ಅಲ್ಲಿಟ್ಟಿದ್ದ. ನಡುರಾತ್ರಿ ದೋಣಿಯಲ್ಲಿ ಬಂದು ಬೆಳಗಾಗುವ ಮೊದಲೇ ಹೊರಟುಹೋಗುತ್ತಿದ್ದ. ಒಂದು ಬಿರುಗಾಳಿಯ ರಾತ್ರಿ ದೋಣಿ ಮುಳುಗಿತು. ತಾನು ಮರಳಿ ಬರುತ್ತೇನೆಂದು ಕೂಗಿ ಹೇಳಿ ಅವನು ಮುಳುಗಿದ. ಕಾಯುತ್ತ ಉಳಿದ ಕಾಮಿನಿಯೂ ಕೊನೆಗೆ ನೀರುಪಾಲಾದಳು. ಗೋಡೆಯ ಮೇಲಿನ ಭಾವಚಿತ್ರದಲ್ಲಿ ಹರಿಶಂಕರ ತನ್ನದೇ ಮುಖವನ್ನು ಕಾಣುತ್ತಾನೆ. ಅಂದಿನ ರಾತ್ರಿಯಿಂದಲೇ ಹಾಡುತ್ತ ಓಡಾಡುವ ಹೆಣ್ಣೊಬ್ಬಳು (ಮಧುಬಾಲಾ) ಅವನಿಗೆ ಕಾಣಿಸತೊಡಗುತ್ತಾಳೆ. ತಾನೇ ಕಾಮಿನಿ, ನೀನೇ ಮರಳಿ ಬಂದವನು ಎನ್ನುತ್ತಾಳೆ. ಗೆಳೆಯ ಶ್ರೀನಾಥ ಅವನನ್ನು ಈ ಹುಚ್ಚಿನಿಂದ ಬಿಡಿಸಲು ಪಾಡುಪಡುತ್ತಾನೆ. ಮನೆಯವರು ರಂಜನಾ ಎಂಬವಳೊಂದಿಗೆ ಮದುವೆ ಮಾಡಿಸುತ್ತಾರೆ. ಮದುವೆ ಅವನನ್ನು ಬಿಡಿಸುವುದಿಲ್ಲ. ಗಂಡನ ಬೆನ್ನುಹತ್ತಿ ಎಲ್ಲವನ್ನೂ ತಿಳಿದುಕೊಂಡ ರಂಜನಾ ವಿಷ ಕುಡಿಯುತ್ತಾಳೆ, ತನಗೆ ವಿಷವಿಕ್ಕಿದವನು ಗಂಡನೇ ಎಂದು ಪೊಲೀಸರೆದುರು ಹೇಳಿ ಸಾಯುತ್ತಾಳೆ. ವಿಚಾರಣೆಯಲ್ಲಿ ಕಾಮಿನಿಯ ಗುಟ್ಟು ರಟ್ಟಾಗುತ್ತದೆ: ಅವಳು ಮಾಲಿಯ ಮಗಳು ಆಶಾ.

ಇಷ್ಟು ತಿಳಿದುಕೊಂಡು ಚಿತ್ರವನ್ನು ಎರಡನೆಯ ಸಲ ನೋಡಿದಾಗ ಅದು ಬೇರೆಯೇ ಚಿತ್ರವಾಗುತ್ತದೆ. ಮೊದಲ ಸಲ ನಾವು ಹರಿಶಂಕರನ ಕಣ್ಣಿನಿಂದ ನೋಡುತ್ತೇವೆ, ಅವನಿಗೆ ಭಯವಾದಾಗ ನಮಗೂ ಭಯವಾಗುತ್ತದೆ. ಎರಡನೆಯ ಸಲ ತೂಗುಯ್ಯಾಲೆಯ ಮೇಲೆ ಕುಳಿತ ಹುಡುಗಿ ಏನನ್ನು ಲೆಕ್ಕಹಾಕುತ್ತಿದ್ದಾಳೆ ಎಂಬ ಕುತೂಹಲ ಮುಂದಾಗುತ್ತದೆ. ಮಾಲಿಯ ಮನೆಯಲ್ಲಿ ಹುಟ್ಟಿ, ಆ ಮಹಲಿನ ನೆರಳಿನಲ್ಲೇ ಬೆಳೆದು, ಅಪ್ಪನ ಬಾಯಲ್ಲಿ ಒಂದೇ ಪ್ರೇಮಕಥೆಯನ್ನು ಮತ್ತೆ ಮತ್ತೆ ಕೇಳಿದವಳು ಅವಳು. ಒಡೆಯ ಬಂದು ನೆಲೆಸಿದಾಗ ಅವನೆದುರು ನಿಲ್ಲಲು ಅವಳಿಗಿರುವ ವೇಷ ಯಾವುದು? ತಲೆಯ ಮೇಲೆ ಸೆರಗೆಳೆದುಕೊಂಡು ನೀರು ತಂದಿಡುವ ಆಳಿನ ವೇಷ ಒಂದು. ಆ ವೇಷದಲ್ಲಿ ಅವಳು ಹರಿಶಂಕರನ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಹುಡುಗಿ ನಲವತ್ತು ವರ್ಷದ ಹಿಂದೆ ಸತ್ತವಳ ಹೆಸರು ಹೊತ್ತು ದೀಪದ ಬೆಳಕಿಗೆ ಬಂದರೆ ಒಡೆಯ ಕೆಲಸ, ಮನೆ, ಗೆಳೆತನ ಎಲ್ಲವನ್ನೂ ಬಿಟ್ಟು ಹಿಂದೆ ಬರುತ್ತಾನೆ. ಇಬ್ಬರೂ ಕೂಡುವ ಉಪಾಯವೆಂದು ಕಾಮಿನಿ ಅವನಿಗೆ ಸೂಚಿಸುವುದೇನೆಂದರೆ, ಮಾಲಿಯ ಮಗಳನ್ನು ಮದುವೆಯಾಗುವುದು. ತನ್ನ ಆತ್ಮ ಆ ಹುಡುಗಿಯ ದೇಹವನ್ನು ಸೇರುವುದೆಂದು ನಂಬಿಸುವುದು. ಮೊದಲ ನೋಟಕ್ಕೆ ಇದು ಪಿಶಾಚಿಯ ಮಾತು. ಗುಟ್ಟು ತಿಳಿದ ಮೇಲೆ ಇದು ಒಬ್ಬ ಬಡ ಹುಡುಗಿ ತನ್ನ ಮದುವೆಯ ಮಾತನ್ನು ತಾನೇ ಆಡಿಕೊಂಡ ರೀತಿ. ಕೇಳುವ ಹಿರಿಯರು ಅವಳಿಗಿಲ್ಲ, ಕೇಳಿದರೂ ಒಡೆಯನ ಮನೆಯಲ್ಲಿ ನಕ್ಕು ಕಳಿಸುತ್ತಿದ್ದರು. ಆದ್ದರಿಂದ ದೆವ್ವವನ್ನು ಮಧ್ಯಸ್ಥಿಕೆಗೆ ಕಳಿಸಿದ್ದಾಳೆ.

ಆ ಹೊತ್ತಿಗೆ ಹಿಂದಿ ಚಿತ್ರಗಳಲ್ಲಿ ಬಡವಳೂ ಸಿರಿವಂತನೂ ಪ್ರೀತಿಸುವುದು ಹೊಸದೇನಲ್ಲ. ಇದೇ ಸಂಸ್ಥೆ 1936ರಲ್ಲಿ ‘ಅಛೂತ್ ಕನ್ಯಾ’ ಮಾಡಿತ್ತು. ಅಲ್ಲಿ ದಲಿತ ಹುಡುಗಿ ಕೊನೆಗೆ ಪ್ರಾಣ ಕೊಡುತ್ತಾಳೆ, ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ. ಆಶಾ ಹಾಗೆ ಕರುಣೆಯನ್ನು ಬೇಡುವುದಿಲ್ಲ. ಅವಳು ಮೋಸ ಮಾಡುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ. ಆಗ ಮಧುಬಾಲಾಗೆ ಹದಿನಾರು ವರ್ಷ. ಅವರ ಅಭಿನಯದ ಬಗ್ಗೆ ಬರೆದವರೆಲ್ಲ ಸೌಂದರ್ಯದಲ್ಲೇ ನಿಂತುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅವರ ಮುಖದ ಮೇಲೆ ಆಗಾಗ ಸುಳಿಯುವ ಒಂದು ಅಳುಕು. ಮೊದಲ ನೋಟದಲ್ಲಿ ಅದು ಪರಲೋಕದ ವ್ಯಥೆಯಂತಿದೆ. ಮತ್ತೊಮ್ಮೆ ನೋಡಿದರೆ, ಸಿಕ್ಕಿಬಿದ್ದೇನೆಂಬ ಮನೆಯಾಳಿನ ಅಳುಕು.

ಈ ಎರಡು ಅರ್ಥಗಳನ್ನೂ ಒಂದೇ ಬೆಳಕಿನಲ್ಲಿ ಹಿಡಿದವರು ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್. ಮ್ಯೂನಿಕ್ಕಿನವರಾದ ಇವರು 1925ರ ‘ಪ್ರೇಮ್ ಸಂನ್ಯಾಸ್’ ಮೂಕಿಚಿತ್ರದ ಕೆಲಸಕ್ಕೆಂದು ಭಾರತಕ್ಕೆ ಬಂದವರು; ಮುಂದೆ ಬಾಂಬೆ ಟಾಕೀಸ್ ಸೇರಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದ ಪ್ರಜೆಯೆಂದು ಬ್ರಿಟಿಷ್ ಸರಕಾರ ಅವರನ್ನು ಶಿಬಿರದಲ್ಲಿ ಕೂಡಿಹಾಕಿತ್ತು. ಯುದ್ಧ ಮುಗಿದ ಮೇಲೂ ಅವರು ಇಲ್ಲೇ ಉಳಿದರು. 1967ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ‘ಮಹಲ್’ನ ಕಂಬಗಳ ನೆರಳು, ತೂಗುವ ದೀಪಗುಚ್ಛ, ನದಿಯ ಮೇಲಿನ ಮಂಜು, ಅರ್ಧ ಮುಖ ಮಾತ್ರ ಬೆಳಗುವ ದೀಪ, ಇವೆಲ್ಲ ಜರ್ಮನ್ ಮೂಕಿಚಿತ್ರಗಳ ನೆರಳು ಬೆಳಕಿನ ಶಾಲೆಯಿಂದ ಬಂದವು ಎಂದು ಹೇಳುವುದುಂಟು. ಅದು ನಿಜವೇ. ಆದರೆ ಆ ಶಾಲೆಯ ಪಾಠವನ್ನು ಅವರು ಇಲ್ಲಿಯ ಸೆರಗಿಗೆ, ಮುಸುಕಿಗೆ ಹೊಂದಿಸಿದ ಕೌಶಲ ಇನ್ನೂ ದೊಡ್ಡದು. ಒಬ್ಬಳೇ ಹುಡುಗಿ ಮುಸುಕಿನೊಳಗೆ ಆಳಾಗಿ, ಮುಸುಕಿಲ್ಲದೆ ರಾಣಿಯಾಗಿ ಕಾಣುವಂತೆ ಬೆಳಕಿಟ್ಟದ್ದು ಅವರ ಕೆಲಸ.

ರಂಜನಾಳ ಕಡೆಗೆ ಬರೋಣ. ಚಿತ್ರದ ಬಗೆಗಿನ ಬರಹಗಳಲ್ಲಿ ಅವಳಿಗೆ ಸಿಗುವುದು ಅರ್ಧ ಸಾಲು. ವಿಜಯಲಕ್ಷ್ಮಿ ಎಂಬ ನಟಿ ಆ ಪಾತ್ರವನ್ನು ಮಾಡಿದ್ದಾರೆ. ಕಾಮಿನಿಯಿಂದ ತಪ್ಪಿಸಿಕೊಳ್ಳಲೆಂದು ಹರಿಶಂಕರ ಹೆಂಡತಿಯನ್ನು ಕರೆದುಕೊಂಡು ದೂರದ ಬೆಟ್ಟಗಾಡಿಗೆ ಹೋಗುತ್ತಾನೆ. ಅಲ್ಲಿಯ ಒಂಟಿ ಮನೆಯಲ್ಲಿ ಬಾವಲಿಗಳು, ಹಾವು, ಟಿಕ್ ಟಿಕ್ ಎನ್ನುವ ಗಡಿಯಾರ. ಗಂಡ ಕಣ್ಣೆತ್ತಿ ನೋಡುವುದಿಲ್ಲ. ಅವಳು ತನ್ನವರಿಗೆ ಪತ್ರ ಬರೆಯುತ್ತಾಳೆ. ಆ ಪತ್ರಗಳೇ ಅವಳ ಸಂಗಾತಿ. ಭಯದ ಚಿತ್ರವೆಂದು ಹೆಸರಾದ ಈ ಚಿತ್ರದಲ್ಲಿ ನಿಜವಾಗಿ ಭಯಾನಕವಾದ ಭಾಗ ಇದು. ಇಲ್ಲಿ ಯಾವ ಮಾಯೆಯೂ ಇಲ್ಲ. ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಇದ್ದೂ ಇಲ್ಲದವಳಾಗಿ ಬದುಕುವುದು ಹೇಗಿರುತ್ತದೆ ಎಂಬುದನ್ನು ಕಮಾಲ್ ಅಮ್ರೋಹಿ ಅವಸರವಿಲ್ಲದೆ ತೋರಿಸುತ್ತಾರೆ. ಚಿತ್ರದ ಈ ನಡುಭಾಗ ಎಳೆದಂತಿದೆಯೆಂದು ದೂರುವವರಿದ್ದಾರೆ. ಎಳೆದಿದೆ, ಒಪ್ಪುತ್ತೇನೆ. ರಂಜನಾಳಿಗೂ ಆ ದಿನಗಳು ಹಾಗೆಯೇ ಎಳೆದಿರಬೇಕು.

ಅವಳ ಮುಂದಿದ್ದ ದಾರಿಗಳು ಯಾವುವು ಎಂದು ಕೇಳಿದರೆ ಆ ವರ್ಷದ ಇತಿಹಾಸಕ್ಕೆ ಇಳಿಯಬೇಕಾಗುತ್ತದೆ. 1949ರಲ್ಲಿ ಹಿಂದೂ ಸಂಹಿತೆಯ ಮಸೂದೆ ಸಂವಿಧಾನ ಸಭೆಯ ಶಾಸಕಾಂಗದ ಮುಂದೆ ಚರ್ಚೆಯಲ್ಲಿತ್ತು. ಅದು ಅಂಗೀಕಾರವಾಗದೆ ಉಳಿದ ನೋವಿನಲ್ಲಿ ಅಂಬೇಡ್ಕರರು 1951ರಲ್ಲಿ ಮಂತ್ರಿ ಪದವಿಯನ್ನು ಬಿಟ್ಟರು. ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ಅಲಹಾಬಾದಿನ ಹಿಂದೂ ಹೆಂಡತಿಗೆ ವಿಚ್ಛೇದನದ ದಾರಿಯಿರಲಿಲ್ಲ. 1946ರ ಕೇಂದ್ರ ಕಾಯಿದೆಯ ಪ್ರಕಾರ ಕೆಲವು ಕಾರಣಗಳಿಗೆ ಬೇರೆ ಮನೆಯಲ್ಲಿ ಇದ್ದು ಜೀವನಾಂಶ ಕೇಳಬಹುದಿತ್ತು, ಅಷ್ಟೇ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದನ್ನು ಅಲ್ಲಿ ಯಾವ ಕಾನೂನೂ ತಡೆಯುತ್ತಿರಲಿಲ್ಲ. ಇಲ್ಲೊಂದು ವಿಚಿತ್ರವಿದೆ. ಚಿತ್ರವನ್ನು ತಯಾರಿಸಿದ ಮುಂಬಯಿಯಲ್ಲಿ ಸ್ಥಿತಿ ಬೇರೆಯಾಗಿತ್ತು. ಮುಂಬಯಿ ಪ್ರಾಂತ 1946ರಲ್ಲಿ ಹಿಂದೂ ಪುರುಷರ ಬಹುಪತ್ನಿತ್ವವನ್ನು ನಿಷೇಧಿಸಿತು, 1947ರಲ್ಲಿ ಹಿಂದೂ ವಿಚ್ಛೇದನ ಕಾಯಿದೆಯನ್ನು ತಂದಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿಗೇ ಸೇರಿದ್ದವಲ್ಲ. ಆದ್ದರಿಂದ ಧಾರವಾಡದ ಒಬ್ಬ ರಂಜನಾಳಿಗೆ ನ್ಯಾಯಾಲಯದ ಬಾಗಿಲು ಕಾಗದದ ಮೇಲಾದರೂ ತೆರೆದಿತ್ತು. ಮದರಾಸು ಪ್ರಾಂತವೂ 1949ರಲ್ಲೇ ಇಂಥ ಕಾಯಿದೆ ಮಾಡಿತು. ಮುಂಬಯಿಯ ಕಾಯಿದೆಯನ್ನು ಪ್ರಶ್ನಿಸಿದವರೂ ಇದ್ದರು. ಹಿಂದೂಗಳಿಗೆ ಮಾತ್ರ ಈ ಕಟ್ಟು ಏಕೆ ಎಂಬ ವಾದವನ್ನು ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು 1951ರಲ್ಲಿ ತಳ್ಳಿಹಾಕಿತು. ಇಷ್ಟೆಲ್ಲ ನಡೆಯುತ್ತಿದ್ದ ನಗರದ ಮಾಲಾಡ್‌ನಲ್ಲಿ ಕುಳಿತು ಅಮ್ರೋಹಿ ಬರೆದ ಕಥೆಯ ಹೆಂಡತಿ ಯಮುನೆಯ ದಂಡೆಯಲ್ಲಿದ್ದಾಳೆ, ಮತ್ತು ವಿಷ ಕುಡಿಯುತ್ತಾಳೆ.

ವಿಷ ಕುಡಿಯುವುದು ಚಿತ್ರಗಳಲ್ಲಿ ಸಾಮಾನ್ಯ. ರಂಜನಾ ಸಾಯುವ ಮೊದಲು ಪೊಲೀಸರ ಬಳಿಗೆ ಹೋಗುವುದು ಸಾಮಾನ್ಯವಲ್ಲ. ಸಾಕ್ಷಿಯಾಗಿ ಕರೆಯಲಾಗದ ಸತ್ತವರ ಮಾತು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದರೆ 1872ರ ಸಾಕ್ಷ್ಯ ಕಾಯಿದೆಯ 32ನೆಯ ಕಲಮು ಇದಕ್ಕೊಂದು ಹೊರತು ಮಾಡಿತ್ತು: ವ್ಯಕ್ತಿಯೊಬ್ಬರು ತಮ್ಮ ಸಾವಿನ ಕಾರಣದ ಬಗ್ಗೆ ಆಡಿದ ಮಾತು ಅವರು ಸತ್ತ ಮೇಲೂ ಸಾಕ್ಷ್ಯವಾಗುತ್ತದೆ. ಸಾಯುವವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ರಂಜನಾ ಆ ನಂಬಿಕೆಯನ್ನೇ ಆಯುಧವಾಗಿಸಿಕೊಳ್ಳುತ್ತಾಳೆ. ಬದುಕಿದ್ದಾಗ ಅವಳು ಗಂಡನ ಬಗ್ಗೆ ಏನು ಹೇಳಿದ್ದರೂ ಮನೆಯವರು ಹೊಂದಿಕೊಂಡು ಹೋಗು ಎನ್ನುತ್ತಿದ್ದರು. ಸಾಯುತ್ತ ಹೇಳಿದ ಒಂದು ಸುಳ್ಳು ಗಂಡನಿಗೆ ಗಲ್ಲಿನ ಶಿಕ್ಷೆ ತರುತ್ತದೆ. ಚಿತ್ರದ ನ್ಯಾಯಾಲಯದ ದೃಶ್ಯಗಳು ಕಾನೂನು ಬಲ್ಲವರಿಗೆ ನಗು ತರಿಸಬಹುದು. ಹಿಂದಿ ಚಿತ್ರಗಳ ವಕೀಲರು ಆ ಕಾಲದಿಂದಲೂ ಹಾಗೆಯೇ. ಆದರೂ ಈ ಒಂದು ವಿಷಯದಲ್ಲಿ ಕಥೆಗಾರನ ಕಾನೂನು ಗಟ್ಟಿಯಾಗಿದೆ.

ಹೀಗೆ ನೋಡಿದರೆ ಚಿತ್ರದ ಎರಡು ತುದಿಗಳು ಒಂದಕ್ಕೊಂದು ಕನ್ನಡಿ ಹಿಡಿಯುತ್ತವೆ. ಬದುಕಿರುವ ಆಶಾಳ ಮಾತು ಒಡೆಯನಿಗೆ ಮುಟ್ಟುವುದು ಅವಳು ಸತ್ತವಳಾಗಿ ನಟಿಸಿದಾಗ. ಬದುಕಿರುವ ರಂಜನಾಳ ಮಾತು ಲೋಕಕ್ಕೆ ಮುಟ್ಟುವುದು ಅವಳು ಸತ್ತಾಗ. ಹಳೆಯ ಕಾಮಿನಿಯ ಕಥೆಯನ್ನೂ ಇದರೊಂದಿಗೆ ಸೇರಿಸಬಹುದು. ಅವಳು ಬದುಕಿದ್ದಾಗ ಹಗಲಲ್ಲಿ ಅವಳ ಹೆಸರು ಹೇಳುವವರಿರಲಿಲ್ಲ. ಬೆಳಗಾಗುವ ಮೊದಲೇ ಹೊರಟುಹೋಗುವವನ ಹೆಣ್ಣಾಗಿದ್ದಳು. ಸತ್ತ ಮೇಲೆ ಅವಳದು ದೊಡ್ಡ ಪ್ರೇಮಕಥೆಯಾಯಿತು. ಅಮ್ರೋಹಿ ಇದನ್ನೆಲ್ಲ ಯೋಚಿಸಿ ಬರೆದರೇ ಎಂದು ನನ್ನನ್ನು ಕೇಳಬೇಡಿ. ಅವರ ಸಹಾನುಭೂತಿ ಬಹುಪಾಲು ಹರಿಶಂಕರನ ಕಡೆಗೇ ಇದೆ. ಅವನ ಸಿಗರೇಟಿನ ಹೊಗೆಗೂ ಚಿತ್ರ ಸಾಕಷ್ಟು ಸಮಯ ಕೊಡುತ್ತದೆ. ಕೊನೆಯಲ್ಲಂತೂ ಆಶಾಳನ್ನು ಚಿತ್ರ ಕೈಬಿಡುತ್ತದೆ ಎಂದೇ ನನ್ನ ಅಭಿಪ್ರಾಯ. ಗಲ್ಲಿಗೆ ಹೋಗಲಿರುವ ಹರಿಶಂಕರ ಗೆಳೆಯ ಶ್ರೀನಾಥನನ್ನು ಮದುವೆಯಾಗೆಂದು ಅವಳಿಗೆ ಹೇಳುತ್ತಾನೆ. ರಂಜನಾ ಬರೆದಿದ್ದ ಪತ್ರ ಕಡೆಗೂ ಸಿಕ್ಕಿ, ವಿಷ ಕುಡಿದದ್ದು ಅವಳೇ ಎಂದು ತಿಳಿದು, ಅವನು ಬಿಡುಗಡೆಯಾಗಿ ಓಡಿ ಬರುವಷ್ಟರಲ್ಲಿ ಮದುವೆ ಮುಗಿದಿದೆ. ಕುಳಿತಲ್ಲೇ ಅವನ ಪ್ರಾಣ ಹೋಗುತ್ತದೆ. ಇಡೀ ಕಥೆಯನ್ನು ತನ್ನ ಬುದ್ಧಿಯಿಂದ ನಡೆಸಿದ ಹುಡುಗಿಯನ್ನು ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ವಹಿಸಿಕೊಟ್ಟು ಹೋಗುತ್ತಾನೆ, ಅವಳು ಒಪ್ಪುತ್ತಾಳೆ. ಸುಳ್ಳು ವೇಷದಲ್ಲಿದ್ದಾಗ ಇದ್ದ ಧೈರ್ಯ ನಿಜವಾದ ಹೆಸರು ಬಂದಾಗ ಇಲ್ಲವಾಗುತ್ತದೆ.

ಇತ್ತೀಚಿನ ವಿಮರ್ಶಕರು ‘ಮಹಲ್’ನಲ್ಲಿ ದೇಶವಿಭಜನೆಯ ನೆರಳನ್ನು ಕಾಣುತ್ತಾರೆ. ಒಡೆಯರು ಬಿಟ್ಟುಹೋದ ಮನೆ, ಅದನ್ನು ಹರಾಜಿನಲ್ಲಿ ಪಡೆದ ಹೊಸಬ, ಹಳೆಯವರ ಭಾವಚಿತ್ರ ಇನ್ನೂ ಗೋಡೆಯ ಮೇಲೆ, ಇದನ್ನು 1949ರ ಉತ್ತರ ಭಾರತದ ಪ್ರೇಕ್ಷಕ ಬರಿಯ ಕಟ್ಟುಕಥೆಯೆಂದು ನೋಡಿರಲಾರ ಎಂಬುದು ಅವರ ವಾದ. ಚಿತ್ರ ಬಿಡುಗಡೆಯಾದ ಅದೇ ತಿಂಗಳಲ್ಲಿ, ದೇಶ ಬಿಟ್ಟುಹೋದವರ ಆಸ್ತಿಯ ಆಡಳಿತಕ್ಕೆ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿತ್ತು. ಮರುವರ್ಷ ಅದೇ ಕಾಯಿದೆಯಾಯಿತು. ದೆಹಲಿಯ ಹಳೆಯ ಬಡಾವಣೆಗಳಲ್ಲಿ ಮನೆ ಮಾಡಿಕೊಂಡ ನಮ್ಮವರಿಗೆ ಬೇರೊಬ್ಬರ ಹೆಸರು ಕೆತ್ತಿದ ಬಾಗಿಲುಗಳ ಪರಿಚಯ ಇದ್ದೇ ಇರುತ್ತದೆ. ಈ ಓದು ಆಕರ್ಷಕವಾಗಿದೆ. ಆದರೂ ಪೂರ್ತಿಯಾಗಿ ಒಪ್ಪಲು ಮನಸ್ಸು ಹಿಂದೆಗೆಯುತ್ತದೆ. ಚಿತ್ರದೊಳಗೆ ಮಹಲಿನ ಹಳೆಯ ಒಡೆಯ ದೇಶ ಬಿಟ್ಟವನಲ್ಲ, ನೀರಿನಲ್ಲಿ ಮುಳುಗಿದವನು. ನಿಜವಾಗಿ ಆ ಮನೆಯನ್ನು ಬಿಡದೆ ಕಾಯ್ದುಕೊಂಡು ಬಂದವರು ಮಾಲಿಯೂ ಅವನ ಮಗಳೂ. ವಿಭಜನೆಯ ದೊಡ್ಡ ರೂಪಕವನ್ನು ಹೊದಿಸಿದರೆ ಈ ಆಳುಮನೆಯವರು ಮತ್ತೊಮ್ಮೆ ಕಣ್ಮರೆಯಾಗುತ್ತಾರೆ.

ವಿಭಜನೆಯ ಬಿಸಿ ತಟ್ಟಿದ್ದು ಚಿತ್ರದ ಕಥೆಗಿಂತ ಹೆಚ್ಚಾಗಿ ಅದನ್ನು ತಯಾರಿಸಿದ ಸ್ಟುಡಿಯೋಗೆ. ಬಾಂಬೆ ಟಾಕೀಸನ್ನು 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಮಾಲಾಡ್‌ನಲ್ಲಿ ಕಟ್ಟಿದ್ದರು. 1940ರಲ್ಲಿ ರಾಯ್ ತೀರಿಕೊಂಡರು. 1945ರಲ್ಲಿ ದೇವಿಕಾ ರಾಣಿ ಚಿತ್ರರಂಗವನ್ನೇ ಬಿಟ್ಟು ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಅವರಿಬ್ಬರ ಮುಂದಿನ ಬದುಕು ಬೆಂಗಳೂರಿನ ಹೊರವಲಯದ ತಾತಗುಣಿ ತೋಟದಲ್ಲಿ ಕಳೆಯಿತೆಂಬುದು ಕನಕಪುರ ರಸ್ತೆಯಲ್ಲಿ ಓಡಾಡಿದ ಎಲ್ಲರಿಗೂ ಗೊತ್ತು. ಅವರ ನಿಧನಾನಂತರ ಆ ತೋಟದ ವ್ಯಾಜ್ಯಗಳು ಕನ್ನಡ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಸುದ್ದಿಯಾದವು. ಒಡೆಯರಿಲ್ಲದ ಮನೆಯ ಕಥೆ ನಮ್ಮ ಊರಿಗೂ ಬಂತು ಎನ್ನಬೇಕು. ಇತ್ತ ಸಾಲದಲ್ಲಿ ಮುಳುಗಿದ್ದ ಸ್ಟುಡಿಯೋವನ್ನು 1947ರ ಸುಮಾರಿಗೆ ಅಶೋಕ್ ಕುಮಾರ್ ಮತ್ತು ಸಾವಕ್ ವಾಚಾ ವಹಿಸಿಕೊಂಡರು. ಮುಸ್ಲಿಂ ಲೇಖಕರಿಗೂ ನಿರ್ದೇಶಕರಿಗೂ ಅಲ್ಲಿ ದೊಡ್ಡ ಜವಾಬ್ದಾರಿಗಳಿದ್ದವು. ಅದಕ್ಕಾಗಿ ಬೆದರಿಕೆಯ ಪತ್ರಗಳು ಬರುತ್ತಿದ್ದುದನ್ನು, ಅವನ್ನು ಓದಿ ತಾನು ನೊಂದದ್ದನ್ನು ಸಾದತ್ ಹಸನ್ ಮಂಟೋ ಅಶೋಕ್ ಕುಮಾರರ ಬಗ್ಗೆ ಬರೆದ ವ್ಯಕ್ತಿಚಿತ್ರದಲ್ಲಿ ದಾಖಲಿಸಿದ್ದಾರೆ. 1948ರ ಆರಂಭದಲ್ಲಿ ಮಂಟೋ ಲಾಹೋರಿಗೆ ಹೋದರು. ಅಮ್ರೋಹಾ ಊರಿನ ಕಮಾಲ್ ಅಮ್ರೋಹಿ ಇಲ್ಲಿ ಉಳಿದರು. ‘ಪುಕಾರ್’ (1939) ಚಿತ್ರಕ್ಕೆ ಬರೆದು ಹೆಸರಾಗಿದ್ದ ಅವರಿಗೆ ನಿರ್ದೇಶಕನಾಗಿ ‘ಮಹಲ್’ ಮೊದಲ ಚಿತ್ರ.

ಪುನರ್ಜನ್ಮದ ಬಗ್ಗೆಯೂ ಒಂದು ಮಾತು. ಆಶಾಳ ಮೋಸವನ್ನು ಹರಿಶಂಕರ ಇಷ್ಟು ಸುಲಭವಾಗಿ ನಂಬುವುದು ಇಂದಿನವರಿಗೆ ಹಾಸ್ಯಾಸ್ಪದವಾಗಿ ಕಾಣಬಹುದು. ಆದರೆ ಅದಕ್ಕೆ ಹದಿನೈದು ವರ್ಷ ಮೊದಲಷ್ಟೇ ದೆಹಲಿಯ ಶಾಂತಿದೇವಿ ಎಂಬ ಹುಡುಗಿ ಹಿಂದಿನ ಜನ್ಮದಲ್ಲಿ ತಾನು ಮಥುರೆಯ ಗೃಹಿಣಿಯಾಗಿದ್ದೆನೆಂದು ಹೇಳಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿದ್ದಳು. ಗಣ್ಯರ ಸಮಿತಿಯೊಂದು ಅವಳನ್ನು ಮಥುರೆಗೆ ಕರೆದೊಯ್ದು ವರದಿ ಪ್ರಕಟಿಸಿತ್ತು. ಓದುಬರಹ ಬಲ್ಲವರೂ ಹಿಂದಿನ ಜನ್ಮವನ್ನು ವಿಚಾರಣೆಗೆ ಯೋಗ್ಯವಾದ ಸಂಗತಿಯೆಂದು ಎಣಿಸಿದ್ದ ಕಾಲವದು. ಅಂಥ ಪ್ರೇಕ್ಷಕರ ಮುಂದೆ ಎರಡೂಕಾಲು ಗಂಟೆ ಪುನರ್ಜನ್ಮದ ಕಥೆ ಹೇಳಿ ಕೊನೆಗೆ ಅದೆಲ್ಲ ಹುಸಿ ಎಂದು ನ್ಯಾಯಾಲಯದಲ್ಲಿ ಬಾಯಿ ಬಿಡಿಸುವುದಕ್ಕೆ ಧೈರ್ಯ ಬೇಕು. ಮುಂದಿನವರಿಗೆ ಆ ಧೈರ್ಯ ಬರಲಿಲ್ಲ, ಅಥವಾ ಬೇಕೆನಿಸಲಿಲ್ಲ. ‘ಮಹಲ್’ನ ಸಂಕಲನಕಾರರಾಗಿದ್ದ ಬಿಮಲ್ ರಾಯ್ 1958ರಲ್ಲಿ ನಿರ್ದೇಶಿಸಿದ ‘ಮಧುಮತಿ’ಯಲ್ಲಿ ದೆವ್ವ ನಿಜ, ಪುನರ್ಜನ್ಮವೂ ನಿಜ. ಋತ್ವಿಕ್ ಘಟಕ್ ಕಥೆ ಬರೆದ ಆ ಚಿತ್ರದಲ್ಲಿ ಅನ್ಯಾಯವಾಗಿ ಸತ್ತ ಬೆಟ್ಟದ ಹುಡುಗಿ ದೆವ್ವವಾಗಿ ಬಂದು ಜಮೀನ್ದಾರನನ್ನು ಹಿಡಿದುಕೊಡುತ್ತಾಳೆ. ‘ಮಹಲ್’ನ ಕಥೆಯ ಹೊರ ಆಕಾರವನ್ನು ಆಮೇಲಿನವರು ತೆಗೆದುಕೊಂಡರು, ಒಳಗಿದ್ದ ಮಾಲಿಯ ಮಗಳನ್ನು ಬಿಟ್ಟರು.

ಕನ್ನಡದ ‘ನಾ ನಿನ್ನ ಬಿಡಲಾರೆ’ (1979) ನೆನಪಿಗೆ ಬರುವುದು ಇಲ್ಲಿಯೇ. ನಮ್ಮಲ್ಲಿ ಬಹುಮಂದಿಗೆ ದೆವ್ವದ ಪ್ರೇಮದ ಚಿತ್ರವೆಂದರೆ ಅದೇ. ಮುಂಬಯಿಯ ರಂಗಭೂಮಿಯಲ್ಲಿ ಪಳಗಿ ಬಂದ ಅನಂತ್ ನಾಗ್ ಅದರ ನಾಯಕ. ಎರಡು ವರ್ಷದ ನಂತರ ‘ಮಂಗಲಸೂತ್ರ’ ಎಂಬ ಹೆಸರಿನಲ್ಲಿ ಅದು ಹಿಂದಿಗೂ ಹೋಯಿತು, ನಾಯಕ ಅವರೇ. ಗಂಡನನ್ನು ಮೆಚ್ಚಿ ಸತ್ತವಳ ಪ್ರೇತ ಅವನನ್ನು ಹಿಡಿಯುತ್ತದೆ. ಲಕ್ಷ್ಮಿ ಅಭಿನಯಿಸಿದ ಹೆಂಡತಿ ಹೋರಾಡುತ್ತಾಳೆ. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ ಗಂಡ ಉಳಿಯುತ್ತಾನೆ. ‘ಮಹಲ್’ನ ಜೊತೆಗಿಟ್ಟು ನೋಡಿದರೆ ತಕ್ಕಡಿ ಪೂರ್ತಿ ತಿರುಗಿದೆ. ಅಲ್ಲಿ ಅರ್ಧ ಸಾಲಿನವಳಾಗಿದ್ದ ಹೆಂಡತಿ ಇಲ್ಲಿ ಕಥೆಯ ಬೆನ್ನೆಲುಬು. ಅಲ್ಲಿ ಮನುಷ್ಯಳಾಗಿದ್ದ ಇನ್ನೊಬ್ಬಳು ಇಲ್ಲಿ ಬರಿಯ ಪ್ರೇತ, ಓಡಿಸಬೇಕಾದ ಪೀಡೆ. ಇಬ್ಬರು ಹೆಂಗಸರಿಗೂ ಒಂದೇ ಚಿತ್ರದಲ್ಲಿ ಜಾಗ ಕೊಡುವುದು ಎರಡೂ ಕಡೆಯವರಿಗೆ ಕಷ್ಟವಾಗಿದೆ.

ಕೊನೆಗೆ, ಎಲ್ಲರೂ ಬಲ್ಲ ಆ ಹಾಡಿಗೆ. ಸಂಗೀತ ಖೇಮಚಂದ್ ಪ್ರಕಾಶರದು, ಸಾಹಿತ್ಯ ನಕ್ಷಬ್ ಅವರದು. ದೂರದಿಂದ ದನಿಯೊಂದು ಹತ್ತಿರ ಬರುತ್ತಿರುವ ಭಾಸವಾಗಬೇಕಿತ್ತು. ಇಂದಿನ ಯಂತ್ರಗಳಿಲ್ಲದ ಕಾಲ. ಕೋಣೆಯ ನಡುವೆ ಮೈಕು ನಿಲ್ಲಿಸಿ, ಮೂಲೆಯಿಂದ ಹಾಡುತ್ತ ನಿಧಾನವಾಗಿ ಮೈಕಿನ ಕಡೆಗೆ ನಡೆದು ಬಂದದ್ದನ್ನು ಲತಾ ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಆಗ ಅವರಿಗೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಹಾಡಿನ ಯಶಸ್ಸನ್ನು ನೋಡಲು ಖೇಮಚಂದ್ ಪ್ರಕಾಶ್ ಇರಲಿಲ್ಲ. ಚಿತ್ರ ಬಿಡುಗಡೆಗೆ ಎರಡು ತಿಂಗಳ ಮೊದಲು, 1949ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಿದ್ದರು. ಧ್ವನಿಮುದ್ರಿಕೆ ಹೊರಬಂದಾಗ ಅದರ ಮೇಲೆ ಲತಾ ಮಂಗೇಶ್ಕರ್ ಎಂಬ ಹೆಸರಿರಲಿಲ್ಲ. ಹಾಡಿದವರು ಕಾಮಿನಿ ಎಂದು ಅಚ್ಚಾಗಿತ್ತು. ಆ ಕಾಲದ ರೂಢಿಯೇ ಅದು: ತೆರೆಯ ಮೇಲಿನ ಪಾತ್ರದ ಹೆಸರೇ ತಟ್ಟೆಯ ಮೇಲೂ ಇರುತ್ತಿತ್ತು. ರೇಡಿಯೋದಲ್ಲಿ ಕೇಳಿದವರು ಯಾರು ಹಾಡಿದ್ದು ಎಂದು ಪತ್ರದ ಮೇಲೆ ಪತ್ರ ಬರೆದು ವಿಚಾರಿಸಿದ ಮೇಲೆ ನಿಜವಾದ ಹೆಸರು ಹೊರಬಿತ್ತು ಎಂಬ ಕಥೆ ಪ್ರಸಿದ್ಧವಾಗಿದೆ. ಎಂದರೆ, ಬದುಕಿದ್ದ ಒಬ್ಬ ಹುಡುಗಿಯ ದನಿ ಇಡೀ ದೇಶವನ್ನು ಮುಟ್ಟಿದ್ದು ಸತ್ತವಳೊಬ್ಬಳ ಹೆಸರಿನಲ್ಲಿ. ಅದೂ ಎಂಥ ಸತ್ತವಳು! ಕಥೆಯೊಳಗೂ ಆ ಹೆಸರು ಎರವಲು ತಂದದ್ದು.

ಹಿನ್ನೆಲೆ ಗಾಯಕರ ಹೆಸರಿಗಾಗಿ, ಗೌರವಕ್ಕಾಗಿ ಲತಾ ಮುಂದೆ ಹಟ ಹಿಡಿದು ಹೋರಾಡಿದರು. ಫಿಲ್ಮ್‌ಫೇರ್ ಪ್ರಶಸ್ತಿಗಳು 1954ರಲ್ಲಿ ಆರಂಭವಾದರೂ ಹಾಡುವವರಿಗೆ ಅದರಲ್ಲಿ ಜಾಗವಿರಲಿಲ್ಲ. ಆ ಸಮಾರಂಭದಲ್ಲಿ ಹಾಡಲು ಕರೆದಾಗ ಅದೇ ಕಾರಣ ಕೊಟ್ಟು ಅವರು ನಿರಾಕರಿಸಿದರು. ಗಾಯನಕ್ಕೆ ಪ್ರಶಸ್ತಿ ಬಂದದ್ದು 1959ರಲ್ಲಿ, ಗಂಡು ಹೆಣ್ಣು ಇಬ್ಬರಿಗೂ ಸೇರಿ ಒಂದೇ. ಮೊದಲ ಸಲ ಅದನ್ನು ಪಡೆದವರು ಲತಾ, ‘ಮಧುಮತಿ’ಯ ‘ಆಜಾ ರೇ ಪರದೇಸಿ’ಗಾಗಿ. ಆ ಹಾಡನ್ನೂ ತೆರೆಯ ಮೇಲೆ ಹಾಡುವವಳು ಮಂಜಿನೊಳಗಿಂದ ಕರೆಯುವ, ಕಣ್ಣಿಗೆ ನೇರವಾಗಿ ಸಿಗದ ಹುಡುಗಿಯೇ.

ಬಾಂಬೆ ಟಾಕೀಸ್ 1954ರ ಹೊತ್ತಿಗೆ ಮುಚ್ಚಿಹೋಯಿತು. ನೌಕರರು ಸೇರಿ ತಯಾರಿಸಿದ ‘ಬಾದ್‌ಬಾನ್’ ಅದರ ಕೊನೆಯ ಚಿತ್ರ. ಮಾಲಾಡ್ ಪಶ್ಚಿಮದಲ್ಲಿ ಆ ಜಾಗಕ್ಕೆ ಇಂದಿಗೂ ಬಾಂಬೆ ಟಾಕೀಸ್ ಕಾಂಪೌಂಡ್ ಎಂದೇ ಹೆಸರು. ಒಳಗೆ ಸಣ್ಣ ಸಣ್ಣ ಕಾರ್ಖಾನೆಗಳು, ಗೋದಾಮುಗಳು, ಲೋಹ ಕೊರೆಯುವ ಸದ್ದು. ನಡುವೆ ಗಿಡ ಬೆಳೆದ ಹಳೆಯ ಕಟ್ಟಡದ ಗೋಡೆಗಳು ಉಳಿದಿವೆ. ವಿರ್ಶಿಂಗ್ ಬೆಳಕಿಟ್ಟ ಆ ಮಹಲು ನಿಂತಿದ್ದದ್ದು ಅಲಹಾಬಾದಿನಲ್ಲಲ್ಲ, ಇಲ್ಲಿ. ಮರ, ಬಟ್ಟೆ, ಸುಣ್ಣದಿಂದ ಕಟ್ಟಿದ್ದು. ಅದನ್ನು ಕಟ್ಟಿದ ಬಡಗಿಗಳ ಹೆಸರು ಚಿತ್ರದ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.